ಪೋಕರ್ ಕಲಿತರೆ ಮನೆಯಲ್ಲೇ ಕೂತು ದುಡ್ಡು ಮಾಡಬಹುದೇ?

"ಪೋಕರ್ ಜೂಜಲ್ಲ, ಬುದ್ಧಿವಂತರ ಆಟ. ಕಲಿತರೆ ಗೆಲುವು ಖಚಿತ" ಎನ್ನುವಂಥ ಸಂದೇಶ, ಜೊತೆಗೊಂದು ಆ್ಯಪ್ ಲಿಂಕ್ ನಿಮಗೂ ಬಂದಿರಬಹುದು. ಇದರಲ್ಲಿ ಅರ್ಧ ಮಾತ್ರ ನಿಜ.

ಆಟ ಹೇಗೆ?
ಹೆಚ್ಚು ಪ್ರಚಲಿತವಾಗಿರುವುದು 'ಟೆಕ್ಸಾಸ್ ಹೋಲ್ಡೆಮ್'. 52 ಎಲೆಗಳ ಇಸ್ಪೀಟು ಕಟ್ಟಿನಿಂದ ಪ್ರತಿಯೊಬ್ಬರಿಗೂ ಎರಡು ಎಲೆ ಗುಟ್ಟಾಗಿ ಸಿಗುತ್ತವೆ. ಮೇಜಿನ ಮೇಲೆ ಮೊದಲು ಮೂರು (ಫ್ಲಾಪ್), ಆಮೇಲೆ ಒಂದು (ಟರ್ನ್), ಕೊನೆಗೆ ಇನ್ನೊಂದು (ರಿವರ್) ಎಲೆ ತೆರೆಯುತ್ತಾರೆ. ಈ ಏಳರಲ್ಲಿ ಅತ್ಯುತ್ತಮ ಐದು ಯಾರದೋ ಅವರಿಗೆ ಪಾಟ್, ಅಂದರೆ ಒಟ್ಟು ಪಣ. ಪ್ರತಿ ಹಂತದಲ್ಲೂ ಪಣ ಕಟ್ಟಬಹುದು, ಏರಿಸಬಹುದು ಅಥವಾ ಎಲೆ ಕೆಳಗಿಟ್ಟು ಹೊರಬರಬಹುದು. ಉಳಿದವರೆಲ್ಲ ಹೊರನಡೆದರೆ ಕೆಟ್ಟ ಎಲೆ ಇದ್ದವರೂ ಗೆಲ್ಲುತ್ತಾರೆ. ಇದೇ 'ಬ್ಲಫ್'.

ಎಲೆಗಳ ಬೆಲೆ (ಕೆಳಗಿನಿಂದ ಮೇಲಕ್ಕೆ)
ಹೈ ಕಾರ್ಡ್, ಒಂದು ಜೋಡಿ, ಎರಡು ಜೋಡಿ, ಒಂದೇ ಸಂಖ್ಯೆಯ ಮೂರು, ಸ್ಟ್ರೇಟ್ (ಸಾಲಾಗಿ ಐದು), ಫ್ಲಶ್ (ಐದೂ ಒಂದೇ ಗುರುತು), ಫುಲ್ ಹೌಸ್ (ಮೂರು + ಜೋಡಿ), ಒಂದೇ ಸಂಖ್ಯೆಯ ನಾಲ್ಕು, ಸ್ಟ್ರೇಟ್ ಫ್ಲಶ್. ಹತ್ತರಿಂದ ಎಕ್ಕದವರೆಗಿನ ಸ್ಟ್ರೇಟ್ ಫ್ಲಶ್ಶೇ 'ರಾಯಲ್ ಫ್ಲಶ್'. ಐದೇ ಎಲೆ ಹಂಚಿದರೆ ಅದು ಬರುವ ಸಾಧ್ಯತೆ 6,49,740ರಲ್ಲಿ ಒಂದು.

ಕೌಶಲವೋ, ಅದೃಷ್ಟವೋ?
ಎರಡೂ. ನಿಮ್ಮ ಕೈಯಲ್ಲಿ ಎರಡು, ಫ್ಲಾಪ್‌ನಲ್ಲಿ ಎರಡು ಆಟೀನ್ ಇವೆ ಎಂದುಕೊಳ್ಳಿ. ನೀವು ನೋಡದ 47 ಎಲೆಗಳಲ್ಲಿ ಆಟೀನ್ 9. ಉಳಿದೆರಡು ಎಲೆಗಳಲ್ಲಿ ಫ್ಲಶ್ ಆಗುವ ಸಾಧ್ಯತೆ ಸುಮಾರು ಶೇ. 35. ಈ ಲೆಕ್ಕ ತಿಳಿದಿರುವುದು ಕೌಶಲ. ಯಾವ ಎಲೆ ಬರುತ್ತದೆ ಎಂಬುದು ಅದೃಷ್ಟ. "ಹತ್ತು ಸಲ ಸೋತೆ, ಈಗ ಬಂದೇ ಬರುತ್ತೆ" ಎಂಬುದೂ ತಪ್ಪು. ಪ್ರತಿ ಸಲ ಕಟ್ಟನ್ನು ಹೊಸದಾಗಿ ಕಲಸುತ್ತಾರೆ, ಹಳೆಯ ಸೋಲು ಎಲೆಗಳಿಗೆ ಗೊತ್ತಿರುವುದಿಲ್ಲ.

ಎಲ್ಲರೂ ಯಾಕೆ ಗೆಲ್ಲಲಾಗದು?
ಒಬ್ಬರು ಗೆದ್ದ ಹಣ ಇನ್ನೊಬ್ಬರು ಸೋತದ್ದೇ. ಜೊತೆಗೆ ಆಟ ನಡೆಸುವವರು ಪಾಟ್‌ನಿಂದ ಕಮಿಷನ್ ಹಿಡಿಯುತ್ತಾರೆ. ಉದಾಹರಣೆಗೆ, 1,000 ರೂ. ಪಾಟ್‌ಗೆ 50 ರೂ. ಹಿಡಿದರೆ ಇಂಥ 20 ಪಾಟ್‌ಗಳಲ್ಲಿ 1,000 ರೂ. ಆಟಗಾರರ ಕೈಬಿಟ್ಟು ಹೋಗಿರುತ್ತದೆ.

ಕಾನೂನು ಏನು ಹೇಳುತ್ತದೆ?
2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಕೌಶಲದ್ದಿರಲಿ ಅದೃಷ್ಟದ್ದಿರಲಿ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುತ್ತದೆ.

ಹಾಗಾಗಿ ಆ ಲಿಂಕ್ ಒತ್ತಬೇಡಿ, ಫಾರ್ವರ್ಡ್ ಮಾಡಬೇಡಿ. ಹಣ ವಂಚನೆಯಾಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ. ಆಟದ ಚಟ ಬಿಡಲಾಗದೆ ಮನಸ್ಸು ಕುಗ್ಗಿದ್ದರೆ ಟೆಲಿ ಮಾನಸ್ 14416 ಇದೆ, ಕರೆ ಉಚಿತ.