ಅಗೆಯದೆ ಬಿಟ್ಟ ಗುಡ್ಡೆ: ಕೆರೆಸೀಮೆಯಲ್ಲಿ ಕೆಲಸದ ಅಳತೆ ಮತ್ತು ರನ್ನಿಂಗ್ ಬಿಲ್ಲಿನ ಚರಿತ್ರೆ

ದಿಬ್ಬೂರಹಳ್ಳಿಯ ಸುತ್ತಣ ಸೀಮೆಯಲ್ಲಿ, ಅಂದರೆ ಶಿಡ್ಲಘಟ್ಟ, ಚಿಂತಾಮಣಿ, ಚಿಕ್ಕಬಳ್ಳಾಪುರ, ಗೌರಿಬಿದನೂರು ತಾಲ್ಲೂಕುಗಳಲ್ಲಿ, ಕಾಮಗಾರಿಗಳ ಚರಿತ್ರೆಯನ್ನು ಹುಡುಕುವವರು ಮೊದಲು ಕೆರೆಯ ಏರಿಗೆ ಬರಬೇಕಾಗುತ್ತದೆ. ನಂದಿಬೆಟ್ಟದ ಆಸುಪಾಸಿನಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ಹುಟ್ಟುತ್ತವೆಯಾದರೂ ವರ್ಷವಿಡೀ ಹರಿಯುವ ಹೊಳೆಯೊಂದೂ ಇಲ್ಲಿಲ್ಲದ ಕಾರಣ, ಬಿದ್ದ ಮಳೆಯನ್ನು ಏರಿ ಕಟ್ಟಿ ತಡೆದು, ತೂಬಿನ ಮೂಲಕ ಅಚ್ಚುಕಟ್ಟಿಗೆ ಬಿಟ್ಟು, ಹೆಚ್ಚಾದದ್ದನ್ನು ಕೋಡಿಯಿಂದ ಕೆಳಗಿನ ಕೆರೆಗೆ ಹರಿಸುವುದೇ ಈ ಸೀಮೆಯ ಬದುಕಿನ ಆಧಾರವಾಗಿತ್ತು. ಏರಿಯ ಕೆಲಸವೆಂದರೆ ಮಣ್ಣಿನ ಕೆಲಸ. ಮಣ್ಣಿನ ಕೆಲಸವೋ ಒಂದು ಪದರದ ಮೇಲೆ ಇನ್ನೊಂದು ಬಿದ್ದೊಡನೆ ಕಣ್ಮರೆಯಾಗುವಂಥದ್ದು. ಆದ್ದರಿಂದ ಅರ್ಧ ಕಟ್ಟಿದ ಏರಿಯ ಬೆಲೆ ಎಷ್ಟು, ಅದನ್ನು ಯಾರು ಹೇಳಬೇಕು, ಹೇಳಿದ ಲೆಕ್ಕ ತಪ್ಪಾಗಿದ್ದರೆ ತಿದ್ದುವ ದಾರಿ ಯಾವುದು ಎಂಬ ಪ್ರಶ್ನೆಗಳು ಇಲ್ಲಿ ಬೇರೆಡೆಗಿಂತ ತೀಕ್ಷ್ಣವಾಗಿದ್ದವು. ಕಾಮಗಾರಿ ಮುಗಿಯುವ ಮೊದಲೇ, ಆದಷ್ಟು ಕೆಲಸವನ್ನು ಅಳೆದು ಬೆಲೆಕಟ್ಟಿ ಗುತ್ತಿಗೆದಾರನಿಗೆ ಕೊಡುವ ಹಣಕ್ಕೆ ಕಡತಗಳಲ್ಲಿ ಮಧ್ಯಂತರ ಪಾವತಿ ಎಂಬ ಹೆಸರಿದ್ದರೂ, ಕಚೇರಿಯಲ್ಲಿಯೂ ಕಾಮಗಾರಿಯ ಸ್ಥಳದಲ್ಲಿಯೂ ಬಳಕೆಯಲ್ಲಿರುವುದು ರನ್ನಿಂಗ್ ಬಿಲ್ ಅಥವಾ ಪಾರ್ಟ್ ಬಿಲ್ ಎಂಬ ಮಾತೇ.

ಶಾಸನಗಳ ಕಾಲದಲ್ಲಿ ಈ ಪ್ರಶ್ನೆ ಇನ್ನೊಂದು ರೂಪದಲ್ಲಿತ್ತು. ಬಿ. ಎಲ್. ರೈಸ್ ಸಂಪಾದಿಸಿ 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟ ಅಂದಿನ ಕೋಲಾರ ಜಿಲ್ಲೆಯ ಶಾಸನಗಳಿಗೆ ಮೀಸಲಾಗಿದ್ದು, ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆಯ ಭಾಗಗಳೂ ಅದರಲ್ಲಿಯೇ ಸೇರಿವೆ. ಈ ಜಿಲ್ಲೆ ಕೋಲಾರದಿಂದ ಬೇರೆಯಾದದ್ದು 2007ರಲ್ಲಿ. ಆ ಶಾಸನಗಳಲ್ಲಿ ಕೆರೆ ಕಟ್ಟಿದವರಿಗೆ ಸಲ್ಲುತ್ತಿದ್ದ ಪ್ರತಿಫಲದ ಹೆಸರುಗಳು ಕಾಣಸಿಗುತ್ತವೆ: ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ. ಹತ್ತರಲ್ಲಿ ಒಂದು ಪಾಲು ಎಂಬ ಅರ್ಥವನ್ನು ಹೆಸರಿನಲ್ಲಿಯೇ ಹೊತ್ತಿರುವ ದಶವಂದವೆಂದರೆ, ಕೆರೆಯನ್ನು ಕಟ್ಟಿದವನಿಗೋ ಒಡೆದ ಕೆರೆಯನ್ನು ಸರಿಪಡಿಸಿದವನಿಗೋ ಅದರ ಕೆಳಗಿನ ಗದ್ದೆಯಲ್ಲಿ ಅಥವಾ ಅದರ ಹುಟ್ಟುವಳಿಯಲ್ಲಿ ಬಿಟ್ಟುಕೊಡುತ್ತಿದ್ದ ಪಾಲು. ಈ ಏರ್ಪಾಡಿನಲ್ಲಿ ಮಧ್ಯಂತರ ಪಾವತಿಗೆ ಎಡೆಯೇ ಇರಲಿಲ್ಲ; ಏರಿ ಪೂರ್ಣವಾಗಿ, ಕೆರೆ ತುಂಬಿ, ಗದ್ದೆ ಬೆಳೆದ ಮೇಲೆಯೇ ಕಟ್ಟಿಸಿದವನಿಗೆ ಫಲ. ಕೆಲಸದ ಗುಣವನ್ನು ಪರೀಕ್ಷಿಸುವ ಅಧಿಕಾರಿ ನೀರೇ ಆಗಿದ್ದನೆನ್ನಬಹುದು, ಏಕೆಂದರೆ ಸೋರುವ ಏರಿಯ ಕೆಳಗಿನ ಪಾಲಿಗೆ ಬೆಲೆಯಿರಲಿಲ್ಲ. ಆದರೆ ಅಷ್ಟು ದಿನ ಕಾಯುವ ಶಕ್ತಿ ಗೌಡ, ನಾಯಕ, ವರ್ತಕ, ದೇವಸ್ಥಾನಗಳಂಥ ಉಳ್ಳವರಿಗೆ ಮಾತ್ರ ಇತ್ತು. ಕಡಪ ಸೀಮೆಯ ಪೋರುಮಾಮಿಳ್ಳದ 1369ರ ಶಾಸನ, ಅಲ್ಲಿನ ಕೆರೆಗೆ ದಿನಕ್ಕೆ ಸಾವಿರ ಆಳು, ಕಲ್ಲು ಸಾಗಿಸಲು ನೂರು ಬಂಡಿಗಳಂತೆ ಎರಡು ವರ್ಷ ಕೆಲಸ ನಡೆಯಿತೆಂದು ತಿಳಿಸುತ್ತದೆ. ಆ ಸಾವಿರ ಮಂದಿ ಪ್ರತಿದಿನ ಉಣ್ಣಬೇಕಾಗಿತ್ತು, ಅವರು ಯಾರೂ ದಶವಂದದ ಪಾಲುದಾರರಾಗಿರಲಿಲ್ಲ.

ಇಂಗ್ಲೆಂಡಿನ ನ್ಯಾಯಶಾಸ್ತ್ರವೂ ಬೇರೊಂದು ದಾರಿಯಿಂದ ಇದೇ ನಿಲುವಿಗೆ ಬಂದಿತ್ತು. ಒಪ್ಪಿಕೊಂಡ ಕೆಲಸ ಅಖಂಡವಾದದ್ದು, ಪೂರ್ತಿ ಮಾಡಿದವನಿಗಷ್ಟೇ ಹಣದ ಹಕ್ಕು ಎಂಬ ತತ್ತ್ವವನ್ನು ಅಲ್ಲಿನ ನ್ಯಾಯಾಲಯಗಳು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದವು. 1795ರ ಕಟ್ಟರ್ ಮತ್ತು ಪೋವೆಲ್ ಮೊಕದ್ದಮೆಯಲ್ಲಿ ಸಮುದ್ರಯಾನದ ನಡುವೆಯೇ ಸತ್ತ ನಾವಿಕನ ಹೆಂಡತಿಗೆ ಗಂಡನ ಸಂಬಳದ ಒಂದು ಭಾಗವೂ ದಕ್ಕಲಿಲ್ಲ. 1898ರ ಸಂಪ್ಟರ್ ಮತ್ತು ಹೆಜಸ್ ಮೊಕದ್ದಮೆಯಲ್ಲಿ ಹಣ ಸಾಲದೆ ಕಟ್ಟಡವನ್ನು ಅರ್ಧಕ್ಕೆ ಬಿಟ್ಟ ಗುತ್ತಿಗೆದಾರನಿಗೆ, ಸ್ಥಳದಲ್ಲಿ ಉಳಿದ ಸಾಮಗ್ರಿಯ ಬೆಲೆ ಸಿಕ್ಕಿತೇ ಹೊರತು ಕಟ್ಟಿದ ಭಾಗದ ಬೆಲೆ ಸಿಗಲಿಲ್ಲ. ಕರಾರಿನಲ್ಲಿ ಬರೆದುಕೊಳ್ಳದಿದ್ದರೆ ನಡುವೆ ಹಣ ಹುಟ್ಟುವುದಿಲ್ಲವೆಂಬ ಈ ಗಡುಸೇ, ಬರೆದುಕೊಳ್ಳುವ ಪದ್ಧತಿಯನ್ನು ಬೆಳೆಸಿತು.

ಮೈಸೂರು ಸಂಸ್ಥಾನದಲ್ಲಿ ಕೆರೆಗಳ ರಿಪೇರಿ ಮೊದಲು ಅಮಲ್ದಾರರ ಕೈಯಲ್ಲಿದ್ದು, ಮರಾಮತ್ತು ಎಂಬ ಹೆಸರಿನಲ್ಲಿ ನಡೆಯುತ್ತಿತ್ತು. ಸರ್ಕಾರವೇ ಆಳುಗಳನ್ನಿಟ್ಟು ದಿನಗೂಲಿ ಕೊಟ್ಟು ಮಾಡಿಸಿದರೆ ಅದು ಅಮಾನಿ; ಇಷ್ಟು ಕೆಲಸಕ್ಕೆ ಇಷ್ಟು ಹಣವೆಂದು ಒಬ್ಬನಿಗೆ ಒಪ್ಪಿಸಿದರೆ ಅದು ಗುತ್ತಿಗೆ, ಹಳೆಯ ಬರವಣಿಗೆಯಲ್ಲಿ ಕಂತ್ರಾಟು. ಮಾರ್ಕ್ ಕಬ್ಬನ್ ಅವರ ಆಡಳಿತದಲ್ಲಿ, 1856ರಲ್ಲಿ, ಲೋಕೋಪಯೋಗಿ ಇಲಾಖೆ ಸ್ಥಾಪನೆಯಾಯಿತು. ಮುಂದೆ ಮುಖ್ಯ ಎಂಜಿನಿಯರಾದ ರಿಚರ್ಡ್ ಸ್ಯಾಂಕಿ, ಈ ನಾಡಿನಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟವೆನ್ನುವಷ್ಟರ ಮಟ್ಟಿಗೆ ಕೆರೆಗಳಿವೆಯೆಂದು ಬೆರಗಿನಿಂದ ಗುರುತಿಸಿ, ಅವುಗಳನ್ನು ಬಿಡಿಬಿಡಿಯಾಗಿ ನೋಡದೆ ಒಂದರ ಕೋಡಿಯಿಂದ ಇನ್ನೊಂದಕ್ಕೆ ನೀರು ಹರಿಯುವ ಸರಣಿಗಳಾಗಿ ನೋಡಬೇಕೆಂದು ವಾದಿಸಿದರು. ಕೆಲಸದ ಗಾತ್ರ ಹೆಚ್ಚಿದಂತೆ ಅಮಾನಿ ಹಿಂದೆ ಸರಿದು ಗುತ್ತಿಗೆ ಮುಂದೆ ಬಂದಿತು. ಗುತ್ತಿಗೆಯೊಡನೆ ಇಲಾಖೆಯ ಅತ್ಯಂತ ಮುಖ್ಯವಾದ ದಾಖಲೆಯಾದ ಅಳತೆ ಪುಸ್ತಕವೂ ಬಂದಿತು.

ಅಳತೆ ಪುಸ್ತಕವನ್ನು ಇಂದಿಗೂ ಎಲ್ಲರೂ ಎಂಬಿ ಎಂದೇ ಕರೆಯುತ್ತಾರೆ. ಎಂಬಿ ಬರೆಯುವುದೆಂದರೆ ಕೆಲಸವನ್ನು ಅಳೆದು ದಾಖಲಿಸುವುದು, ಎಂಬಿ ಆಗಿಲ್ಲವೆಂದರೆ ಹಣದ ಮಾತೇ ಇಲ್ಲ. ಅದರ ಪ್ರತಿ ಪುಟಕ್ಕೂ ಮೊದಲೇ ಅಂಕೆ ಬಿದ್ದಿರುತ್ತದೆ, ಒಂದು ಹಾಳೆಯನ್ನೂ ಹರಿಯುವಂತಿಲ್ಲ. ಪುಟದ ಎಡಕ್ಕೆ ಕೆಲಸದ ವಿವರ, ಮುಂದೆ ಸಂಖ್ಯೆ, ಉದ್ದ, ಅಗಲ, ಆಳ ಅಥವಾ ಎತ್ತರ, ಕೊನೆಯಲ್ಲಿ ಗುಣಿಸಿ ಬಂದ ಪ್ರಮಾಣ. ಬರೆದದ್ದನ್ನು ಕೆರೆದು ಅಳಿಸುವಂತಿಲ್ಲ. ತಪ್ಪಾದರೆ ಓದಲು ಬರುವಂತೆ ಗೆರೆ ಎಳೆದು, ಸರಿಯಾದದ್ದನ್ನು ಮೇಲೆ ಬರೆದು, ಚಿಕ್ಕ ಸಹಿ ಹಾಕಬೇಕು. ಸ್ಥಳದಲ್ಲಿ ಅಳೆದ ಎಂಜಿನಿಯರನ ಸಹಿಯ ಮೇಲೆ ಸಹಾಯಕ ಕಾರ್ಯಪಾಲಕ ಎಂಜಿನಿಯರ್ ಮತ್ತೊಮ್ಮೆ ಅಳೆದು ನೋಡುವುದಕ್ಕೆ ಚೆಕ್ ಮೆಷರ್‌ಮೆಂಟ್ ಎಂದು ಹೆಸರು. ಬಿಲ್ ಪಾಸಾದ ಮೇಲೆ ಆ ಅಳತೆಯ ಪುಟಗಳ ಮೇಲೆ ಮೂಲೆಯಿಂದ ಮೂಲೆಗೆ ಕೆಂಪು ಶಾಯಿಯ ಗೆರೆ ಎಳೆಯುತ್ತಾರೆ. ಒಮ್ಮೆ ಹಣ ಪಡೆದ ಮಣ್ಣು ಮತ್ತೊಮ್ಮೆ ಹಣ ಪಡೆಯಬಾರದು ಎಂಬುದೇ ಆ ಗೆರೆಯ ಅರ್ಥ. ಇಡೀ ಪದ್ಧತಿಯ ಬುದ್ಧಿಯನ್ನು ಅಷ್ಟು ಸರಳವಾಗಿ ತೋರಿಸುವ ಗುರುತು ಇನ್ನೊಂದಿಲ್ಲ.

ಪುಸ್ತಕ ಎಷ್ಟೇ ಕಟ್ಟುನಿಟ್ಟಾಗಿದ್ದರೂ ಮಣ್ಣನ್ನು ಅಳೆಯುವ ತೊಡಕು ನೆಲದಲ್ಲಿಯೇ ಇರುತ್ತದೆ. ಏರಿಗೆ ಮಣ್ಣು ತೆಗೆದ ಗುಂಡಿಯ ತಳವನ್ನು ಯಾರೂ ನೋಡಬಹುದು. ಆದರೆ ಅಗೆಯುವ ಮೊದಲು ನೆಲ ಎಲ್ಲಿತ್ತು ಎಂಬುದನ್ನು ಅಗೆದ ಮೇಲೆ ಹೇಳುವುದು ಹೇಗೆ? ಇದಕ್ಕೆ ಕಂಡುಕೊಂಡ ಉಪಾಯವೆಂದರೆ ಗುಂಡಿಯ ನಡುನಡುವೆ ಸ್ವಲ್ಪ ಜಾಗವನ್ನು ಅಗೆಯದೆ ಗುಡ್ಡೆಯಾಗಿ ನಿಲ್ಲಿಸುವುದು. ಗುಡ್ಡೆಯ ನೆತ್ತಿ ಹಳೆಯ ನೆಲದ ಮಟ್ಟಕ್ಕೆ ಸಾಕ್ಷಿ, ಅದರ ಬುಡ ಅಗೆದ ಆಳಕ್ಕೆ ಸಾಕ್ಷಿ. 20 ಮೀಟರ್ ಉದ್ದ, 6 ಮೀಟರ್ ಅಗಲದ ಗುಂಡಿಯಲ್ಲಿ ನಾಲ್ಕು ಗುಡ್ಡೆಗಳಿದ್ದು, ಅವುಗಳ ಎತ್ತರ ಕ್ರಮವಾಗಿ 0.45, 0.50, 0.55, 0.50 ಮೀಟರ್ ಇದ್ದರೆ ಸರಾಸರಿ ಆಳ 0.50 ಮೀಟರ್, ತೆಗೆದ ಮಣ್ಣು 60 ಘನ ಮೀಟರ್. ಅದರಲ್ಲಿ ಗುಡ್ಡೆಗಳಲ್ಲಿಯೇ ಉಳಿದ ಮಣ್ಣನ್ನು ಕಳೆಯಬೇಕು. ಗುಡ್ಡೆಯ ಮೇಲೆ ಎರಡು ಬುಟ್ಟಿ ಮಣ್ಣು ಹೆಚ್ಚಿಗೆ ಹಾಕಿದರೆ ಗುಂಡಿಯ ಆಳ ಕಾಗದದಲ್ಲಿ ಹೆಚ್ಚುತ್ತದೆಯಾದ್ದರಿಂದ, ನುರಿತ ಎಂಜಿನಿಯರ್ ಅಳತೆಪಟ್ಟಿ ಹಿಡಿಯುವ ಮೊದಲು ಬಾಗಿ, ನೆತ್ತಿಯಲ್ಲಿ ಹಳೆಯ ಹುಲ್ಲಿನ ಬೇರು ಹಿಡಿದುಕೊಂಡಿದೆಯೇ ಎಂದು ನೋಡುತ್ತಾನೆ.

ಗುಂಡಿಯಲ್ಲಿ ಅಳೆಯುವುದಕ್ಕೂ ಏರಿಯ ಮೇಲೆ ಅಳೆಯುವುದಕ್ಕೂ ವ್ಯತ್ಯಾಸವಿದೆ. ಅಗೆದ ಮಣ್ಣು ಸಡಿಲವಾಗಿ ಉಬ್ಬುತ್ತದೆ, ನೀರು ಚಿಮುಕಿಸಿ ದಮ್ಮಸ್ಸು ಮಾಡಿದರೆ ಕುಗ್ಗುತ್ತದೆ, ಒಂದು ಮಳೆಗಾಲ ಕಳೆದರೆ ಇನ್ನೂ ಇಳಿಯುತ್ತದೆ. ಆದ್ದರಿಂದ ಏರಿಯ ಉದ್ದಕ್ಕೂ ನಿಗದಿತ ಅಂತರಗಳಲ್ಲಿ ಕೆಲಸಕ್ಕೆ ಮುಂಚಿನ ಮಟ್ಟವನ್ನೂ ಅನಂತರದ ಮಟ್ಟವನ್ನೂ ತೆಗೆದು, ಎರಡರ ನಡುವಿನ ಅಡ್ಡಕೊಯ್ತದಿಂದ ಘನವನ್ನು ಲೆಕ್ಕ ಹಾಕುವುದು ಹೆಚ್ಚು ಭದ್ರವಾದ ಕ್ರಮವೆನಿಸಿತು. ಸಡಿಲ ರಾಶಿಯನ್ನೇ ಅಳೆಯಬೇಕಾಗಿ ಬಂದರೆ ಟೊಳ್ಳಿನ ಪಾಲನ್ನು ಕಳೆಯುತ್ತಾರೆ. ಇಂಥ ಕ್ರಮಗಳನ್ನು ದೇಶಕ್ಕೆಲ್ಲ ಒಂದೇ ರೀತಿಯಲ್ಲಿ ಹೇಳುವ ಐಎಸ್ 1200 ಎಂಬ ಮಾನಕ ಮೊದಲು ಪ್ರಕಟವಾದದ್ದು 1958ರಲ್ಲಿ. ಮಣ್ಣನ್ನು ಎಷ್ಟು ದೂರ ಹೊತ್ತರು ಎಂಬುದಕ್ಕೆ ಲೀಡ್ ಎಂದೂ ಎಷ್ಟು ಎತ್ತರಕ್ಕೆ ಏರಿಸಿದರು ಎಂಬುದಕ್ಕೆ ಲಿಫ್ಟ್ ಎಂದೂ ಹೆಸರು. ಮೊದಲ 50 ಮೀಟರ್ ದೂರ, 1.5 ಮೀಟರ್ ಎತ್ತರ ಮೂಲ ದರದಲ್ಲಿಯೇ ಸೇರಿದ್ದು, ಅದನ್ನು ಮೀರಿದ್ದಕ್ಕೆ ಬೇರೆ ದರ. ಬುಟ್ಟಿ ಹೊತ್ತವರ ಕತ್ತಿನ ನೋವು ದರಪಟ್ಟಿಯೊಳಗೆ ಪ್ರವೇಶಿಸಿದ್ದು ಈ ಎರಡು ಸಣ್ಣ ಪದಗಳ ಮೂಲಕ.

ಅಳತೆಯ ಮೇಲೆ ಊಟವೇ ನಿಂತಾಗ ಅದು ಎಷ್ಟು ಕ್ರೂರವಾಗಬಲ್ಲದು ಎಂಬುದನ್ನು 1876–78ರ ಕ್ಷಾಮ ತೋರಿಸಿತು. 1871ರ ಜನಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ತೀವ್ರವಾಗಿ ನಲುಗಿದ ಜಿಲ್ಲೆಗಳಲ್ಲಿ ಕೋಲಾರವೂ ಒಂದು. ಪರಿಹಾರ ಕಾಮಗಾರಿಗಳಲ್ಲಿ ಮಣ್ಣು ಅಗೆದು, ಜಲ್ಲಿ ಒಡೆದು, ನಿಗದಿಯಾದ ಪ್ರಮಾಣವನ್ನು ಮುಟ್ಟಿಸಿದವರಿಗೆ ಕೂಲಿ ಎಂಬ ತತ್ತ್ವ ಆ ಕಾಲದ ಆಡಳಿತಕ್ಕೆ ನ್ಯಾಯವಾಗಿಯೇ ಕಂಡಿತ್ತು. ನೆರೆಯ ಮದ್ರಾಸ್ ಪ್ರಾಂತದಲ್ಲಿ 1877ರ ಆರಂಭದಲ್ಲಿ ಭಾರತ ಸರ್ಕಾರದ ಕ್ಷಾಮ ಪ್ರತಿನಿಧಿ ರಿಚರ್ಡ್ ಟೆಂಪಲ್ ಗಂಡಾಳಿನ ಕೂಲಿಯನ್ನು ದಿನಕ್ಕೆ ಒಂದು ಪೌಂಡು, ಅಂದರೆ ಸುಮಾರು 450 ಗ್ರಾಂ, ಧಾನ್ಯಕ್ಕೂ ಒಂದು ಆಣೆಗೂ ಇಳಿಸಿದರು. ಅಲ್ಲಿನ ನೈರ್ಮಲ್ಯ ಕಮಿಷನರ್ ಆಗಿದ್ದ ವೈದ್ಯ ಕಾರ್ನಿಷ್ ಅದನ್ನು ಬಲವಾಗಿ ವಿರೋಧಿಸಿದ ಮೇಲೆ ಕೆಲವೇ ತಿಂಗಳಲ್ಲಿ ಅದನ್ನು ಹೆಚ್ಚಿಸಬೇಕಾಯಿತು. ಹಸಿದವನ ತೋಳಿನಿಂದ ಗಟ್ಟಿಮುಟ್ಟಾದವನ ಪ್ರಮಾಣವನ್ನು ನಿರೀಕ್ಷಿಸುವ ಅಳತೆ, ಅಂಕಗಣಿತದಲ್ಲಿ ಎಷ್ಟೇ ಸರಿಯಾಗಿದ್ದರೂ, ಅನ್ಯಾಯದ ಅಳತೆಯೇ.

ಗುತ್ತಿಗೆಯ ಕೆಲಸದಲ್ಲಿ ಅಳತೆಯ ತಪ್ಪನ್ನು ತಿದ್ದುವ ದಾರಿ ರನ್ನಿಂಗ್ ಬಿಲ್ಲಿನ ರಚನೆಯಲ್ಲಿಯೇ ಅಡಗಿದೆ, ಮತ್ತು ಇದು ಆ ಪದ್ಧತಿಯ ನಿಜವಾದ ಜಾಣ್ಮೆ. ಪ್ರತಿ ಬಿಲ್ಲೂ ಹಿಂದಿನ ಬಿಲ್ಲಿನ ಮುಂದುವರಿಕೆಯಲ್ಲ. ಪ್ರತಿ ಬಾರಿಯೂ ಕೆಲಸವನ್ನು ಮೊದಲಿನಿಂದ ಈವರೆಗೆ ಒಟ್ಟಾಗಿ ಎಣಿಸಿ, ದರದಿಂದ ಗುಣಿಸಿ, ಹಿಂದೆ ಕೊಟ್ಟದ್ದನ್ನು ಕಳೆದು, ಉಳಿದದ್ದನ್ನು ಕೊಡಲಾಗುತ್ತದೆ. ಮೊದಲ ಬಿಲ್ಲಿನಲ್ಲಿ 400 ಘನ ಮೀಟರಿಗೆ ಹಣ ಸಂದಿದ್ದು, ನಿಜವಾಗಿ ಆದದ್ದು 380 ಮಾತ್ರ ಎಂದು ಆಮೇಲೆ ತಿಳಿದರೆ, ಅನಂತರ ಇನ್ನೂ 500 ಆದಾಗ ಒಟ್ಟು 880 ಎಂದು ಬರೆದು 400 ಕಳೆದು 480ಕ್ಕೆ ಹಣ ಕೊಟ್ಟರೆ ಹಳೆಯ ತಪ್ಪು ತಾನಾಗಿ ಸರಿಹೋಗುತ್ತದೆ. ಆದ್ದರಿಂದಲೇ ಮಧ್ಯಂತರ ಪಾವತಿ ತಾತ್ಕಾಲಿಕ. ಅದು ಕೆಲಸವನ್ನು ಒಪ್ಪಿಕೊಂಡ ಮಾತಲ್ಲ. 1878ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ತೀರ್ಮಾನಿಸಿದ ಥಾರ್ಸಿಸ್ ಕಂಪನಿ ಮತ್ತು ಮೆಕೆಲ್‌ರಾಯ್ ಮೊಕದ್ದಮೆಯ ತಿರುಳೂ ಇದೇ: ಕರಾರಿಗಿಂತ ದಪ್ಪವಾಗಿ ಎರಕ ಹೊಯ್ದ ಕಬ್ಬಿಣದ ತೊಲೆಗಳ ಹೆಚ್ಚಿನ ತೂಕ ಎಂಜಿನಿಯರನ ಮಧ್ಯಂತರ ಪ್ರಮಾಣಪತ್ರಗಳಲ್ಲಿ ದಾಖಲಾಗಿದ್ದರೂ, ಲಿಖಿತ ಆದೇಶವಿಲ್ಲದ ಕಾರಣ ಅದಕ್ಕೆ ಹಣದ ಹಕ್ಕು ಹುಟ್ಟಲಿಲ್ಲ.

ತಾತ್ಕಾಲಿಕವೆಂಬ ಮಾತಿನ ಭಾರ ಕೆರೆಸೀಮೆಯಲ್ಲಿ ಬೇರೆಯದೇ ರೀತಿಯಲ್ಲಿ ಬೀಳುತ್ತದೆ. 1903ರ ನವೆಂಬರಿನಲ್ಲಿ ಪಾಲಾರ್ ಉಕ್ಕಿ ಬೇತಮಂಗಲದ ಕೆರೆ ಒಡೆದು, ನೀರು ಕೆಳಗಿನ ವಾಣಿಯಂಬಾಡಿಯವರೆಗೆ ಹಾವಳಿ ಮಾಡಿತು. ಅಂಥ ಮಳೆ ಅರ್ಧ ಕಟ್ಟಿದ ಏರಿಯನ್ನು ಕೊಚ್ಚಿಕೊಂಡು ಹೋದರೆ, ಕೆಂಪು ಗೆರೆ ಬಿದ್ದ ಮಣ್ಣೂ ಹೋಗುತ್ತದೆ. ಕೆಲಸವನ್ನು ಒಪ್ಪಿಸುವವರೆಗೆ ಅದರ ಜವಾಬ್ದಾರಿ ಸಾಮಾನ್ಯವಾಗಿ ಗುತ್ತಿಗೆದಾರನದೇ. ಬಿಲ್ಲಿನಲ್ಲಿ ಭದ್ರತಾ ಠೇವಣಿ ಹಿಡಿಯುವುದು, ಸ್ಥಳಕ್ಕೆ ತಂದ ಕಲ್ಲು, ಕಬ್ಬಿಣದಂಥ ಸಾಮಗ್ರಿಯ ಮೇಲೆ ಬೆಲೆಯ ಮುಕ್ಕಾಲು ಪಾಲಿನವರೆಗೆ ಮುಂಗಡ ಕೊಡುವುದು, ಇವೆರಡೂ ಆ ಅಪಾಯವನ್ನು ಎರಡೂ ಕಡೆಗೆ ಹಂಚುವ ಪ್ರಯತ್ನಗಳು.

ಈ ಲೆಕ್ಕದ ಕೆಳತುದಿಯಲ್ಲಿ ಮಣ್ಣು ಹೊತ್ತವರಿದ್ದರು. ದಕ್ಷಿಣ ಭಾರತದ ಕೆರೆಗಳನ್ನು ಅಗೆದು ಕಟ್ಟಿದವರಲ್ಲಿ ಹಿಂದೆ ಒಡ್ಡರೆಂದೂ ಇಂದು ಭೋವಿಗಳೆಂದೂ ಕರೆಯಲಾಗುವ ಸಮುದಾಯದ ಪಾಲು ದೊಡ್ಡದು. ಗಂಡಸರು ಗುದ್ದಲಿ, ಹೆಂಗಸರು ಬುಟ್ಟಿ ಹಿಡಿದು ಸಂಸಾರವೇ ಗುಂಪಾಗಿ ಒಂದೊಂದು ಗುಂಡಿಯನ್ನು ವಹಿಸಿಕೊಳ್ಳುತ್ತಿದ್ದ ಅವರ ಕೆಲಸವನ್ನು ಮೇಸ್ತ್ರಿ ಅಳೆಯುತ್ತಿದ್ದನು, ಮೇಸ್ತ್ರಿಗೆ ಗುತ್ತಿಗೆದಾರ ಲೆಕ್ಕ ಕೊಡುತ್ತಿದ್ದನು, ಗುತ್ತಿಗೆದಾರನ ಲೆಕ್ಕ ಮಾತ್ರ ಎಂಬಿಯಲ್ಲಿ ಇರುತ್ತಿತ್ತು. ಇಲಾಖೆಯ ಬಿಲ್ ತಡವಾದರೆ ವಾರದ ಬಟವಾಡೆ ತಪ್ಪುತ್ತಿತ್ತು. ಬಟವಾಡೆ ತಪ್ಪಿದ ವಾರ ಮುಂಗಡವಾಗಿ, ಮುಂಗಡ ಸಾಲವಾಗಿ ಬೆಳೆಯುತ್ತಿತ್ತು. ಪುಸ್ತಕವು ಸರ್ಕಾರದ ಹಣವನ್ನು ಎಷ್ಟು ಎಚ್ಚರದಿಂದ ಕಾಯಿತೋ ಅಷ್ಟೇ ಎಚ್ಚರದಿಂದ ಆ ಬುಟ್ಟಿಯವರ ಹಣವನ್ನು ಕಾಯಲಿಲ್ಲವೆಂಬುದು ಈ ಚರಿತ್ರೆಯ ದೊಡ್ಡ ಕೊರತೆ.

ಇತ್ತೀಚಿನ ದಶಕಗಳಲ್ಲಿ ಆ ಕೊರತೆಯನ್ನು ಭಾಗಶಃವಾದರೂ ತುಂಬುವ ಪ್ರಯತ್ನಗಳು ನಡೆದಿವೆ. ಟೆಂಡರಿನ ಕ್ರಮವನ್ನು ಬಿಗಿಗೊಳಿಸಿದ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ ಮುಖ್ಯವಾಗಿ ಗುತ್ತಿಗೆದಾರರ ಆಯ್ಕೆಗೆ ಸಂಬಂಧಿಸಿದ್ದು. ವಿಶ್ವಬ್ಯಾಂಕಿನ ನೆರವಿನಿಂದ ಅವಿಭಜಿತ ಕೋಲಾರ ಜಿಲ್ಲೆಯಲ್ಲಿಯೂ ನಡೆದ ಜಲಸಂವರ್ಧನೆ ಯೋಜನೆಯಲ್ಲಿ ಕೆರೆ ಬಳಕೆದಾರರ ಸಂಘಗಳೇ ಕಾಮಗಾರಿಯಲ್ಲಿ ಪಾಲುಗೊಂಡದ್ದರಿಂದ, ಅಚ್ಚುಕಟ್ಟಿನ ರೈತರು ಅಳತೆಯ ಹೊತ್ತಿನಲ್ಲಿ ಏರಿಯ ಮೇಲೆ ನಿಲ್ಲುವ ಅವಕಾಶ ಪಡೆದರು. 2005ರ ಉದ್ಯೋಗ ಖಾತರಿ ಕಾಯ್ದೆಯಂತೂ ಮೇಸ್ತ್ರಿಯನ್ನೂ ಗುತ್ತಿಗೆದಾರನನ್ನೂ ನಡುವಿನಿಂದ ತೆಗೆದು, ಅಳತೆಗೂ ಕೂಲಿಗಾರರ ಖಾತೆಗೂ ನೇರ ಸಂಬಂಧ ಕಲ್ಪಿಸಿ, ಹದಿನೈದು ದಿನಗಳೊಳಗೆ ಕೂಲಿ ಸಲ್ಲಬೇಕೆಂದು ವಿಧಿಸಿತು. ಎಂಬಿ ಕಂಪ್ಯೂಟರಿಗೆ ಹತ್ತಿದರೂ ಉದ್ದ, ಅಗಲ, ಆಳದ ಕಾಲಮ್ಮುಗಳು ಹಾಗೆಯೇ ಉಳಿದಿವೆ. ಹೂಳು ತೆಗೆದ ಗುಂಡಿಯಲ್ಲಿ ಗುಡ್ಡೆಗಳು ಈಗಲೂ ನಿಲ್ಲುತ್ತವೆ. ಅಂತಿಮ ಅಳತೆಗೆ ಸಹಿ ಬಿದ್ದ ಮೇಲೆ ಅವನ್ನೂ ಅಗೆದು, ಆ ಮಣ್ಣನ್ನೂ ಹೊತ್ತು ಹಾಕಿ, ಗುಂಡಿಯ ತಳವನ್ನು ಮಳೆಗೆ ಸಮ ಮಾಡಿ ಬಿಡುತ್ತಾರೆ.