ತಾಯ್ನುಡಿಗೆ ಬಿದ್ದ ದಂಡ



ಪಂಚಾಶತ್ತಮ ಹಬ್ಬದಂದು ಜೆರುಸಲೇಮಿನಲ್ಲಿ ನೆರೆದಿದ್ದ ಪರಸ್ಥಳದವರು ಪ್ರೇಷಿತರ ಮಾತನ್ನು ತಂತಮ್ಮ ಭಾಷೆಯಲ್ಲೇ ಕೇಳಿ ಬೆರಗಾದರು. ಮೊದಲು ನಮ್ಮ ಭಾಷೆ ಕಲಿತು ಬನ್ನಿ ಎಂದು ಅವರಿಗೆ ಯಾರೂ ಹೇಳಲಿಲ್ಲ. ಈ ಹಬ್ಬದ ಸಮಯದಲ್ಲಿ ಅಮೆರಿಕದ ಒಂದು ಮೊಕದ್ದಮೆಯನ್ನು ನೆನೆಯುವುದು ಉಚಿತ.

ಅಲ್ಲಿನ ನೆಬ್ರಾಸ್ಕ ರಾಜ್ಯದಲ್ಲಿ ಜರ್ಮನಿಯಿಂದ ವಲಸೆ ಹೋಗಿ ನೆಲೆಸಿದ ಕುಟುಂಬಗಳು ಬಹಳವಿದ್ದವು. 1917ರಲ್ಲಿ ಅಮೆರಿಕ ಜರ್ಮನಿಯ ವಿರುದ್ಧ ಯುದ್ಧಕ್ಕಿಳಿದಾಗ ಇವರ ಮನೆಮಾತೇ ಸಂಶಯಕ್ಕೆ ಗುರಿಯಾಯಿತು. ಎಂಟನೆಯ ತರಗತಿ ಮುಗಿಸದ ಮಕ್ಕಳಿಗೆ ಖಾಸಗಿ ಶಾಲೆಯಲ್ಲೂ ಇಂಗ್ಲಿಷಲ್ಲದ ಭಾಷೆ ಕಲಿಸಕೂಡದೆಂದು 1919ರಲ್ಲಿ ಕಾನೂನು ಬಂದಿತು. ಲ್ಯಾಟಿನ್, ಗ್ರೀಕ್, ಹೀಬ್ರೂ ಕಲಿಸಲು ಅಡ್ಡಿಯಿಲ್ಲವೆಂದು ರಾಜ್ಯದ ನ್ಯಾಯಾಲಯ ಹೇಳಿತು. ಮಗುವಿನೊಡನೆ ತಾಯಿ ಆಡುವ ಮಾತಿಗೆ ಮಾತ್ರ ಅಡ್ಡಿ!

1920ರ ಮೇ ತಿಂಗಳಲ್ಲಿ ಹ್ಯಾಂಪ್ಟನ್ ಎಂಬ ಊರಿನ ಲೂಥರನ್ ಶಾಲೆಯ ಉಪಾಧ್ಯಾಯ ರಾಬರ್ಟ್ ಮೇಯರ್ ಹತ್ತು ವರ್ಷದ ಹುಡುಗನಿಗೆ ಜರ್ಮನ್ ಭಾಷೆಯಲ್ಲಿ ಬೈಬಲ್ ಕಥೆ ಓದಿಸಿದರು. ಅದಕ್ಕೆ 25 ಡಾಲರ್ ದಂಡ ಬಿತ್ತು. ಕಟ್ಟಿ ಸುಮ್ಮನಾಗಬಹುದಿತ್ತು, ಮೇಯರ್ ಒಪ್ಪಲಿಲ್ಲ. ರಾಜ್ಯದ ನ್ಯಾಯಾಲಯದಲ್ಲಿ ಸೋತರೂ ಸುಪ್ರೀಂ ಕೋರ್ಟಿಗೆ ಹೋದರು. ಅಲ್ಲಿ ಅವರ ಪರ ವಾದಿಸಿದವರು ಆರ್ಥರ್ ಮಲ್ಲೆನ್, ಐರಿಷ್ ಮೂಲದ ಕಥೋಲಿಕ ವಕೀಲರು.

1923ರ ಜೂನ್ 4ರಂದು ತೀರ್ಪು ಬಂದಿತು. ನಾಡಿನವರೆಲ್ಲರೂ ಒಂದು ಭಾಷೆ ಬಲ್ಲವರಾಗಿರಲಿ ಎಂಬ ಬಯಕೆ ಸಹಜವೇ. ಆದರೆ ಅದಕ್ಕಾಗಿ ಇನ್ನೊಂದು ಭಾಷೆಯ ಪಾಠವನ್ನೇ ನಿಷೇಧಿಸುವಂತಿಲ್ಲ. ಕಲಿಸುವುದು ಉಪಾಧ್ಯಾಯರ ಹಕ್ಕು, ಕಲಿಸಿಕೊಳ್ಳುವುದು ತಂದೆತಾಯಿಯರ ಹಕ್ಕು ಎಂದು ಏಳು ನ್ಯಾಯಾಧೀಶರು ಹೇಳಿದರು, ಇಬ್ಬರು ಒಪ್ಪಲಿಲ್ಲ.

ಕಥೆ ಇಲ್ಲಿಗೇ ಮುಗಿಯಲಿಲ್ಲ. ಮಕ್ಕಳೆಲ್ಲರೂ ಸರಕಾರಿ ಶಾಲೆಗೇ ಹೋಗಬೇಕೆಂದು ಆರೆಗಾನ್ ರಾಜ್ಯ 1922ರಲ್ಲಿ ಕಾನೂನು ಮಾಡಿತ್ತು. ಕಥೋಲಿಕ ಕನ್ಯಾಸ್ತ್ರೀಯರು ಅದನ್ನು ಪ್ರಶ್ನಿಸಿದರು. 1925ರಲ್ಲಿ ಸುಪ್ರೀಂ ಕೋರ್ಟು ಮೇಯರರ ತೀರ್ಪನ್ನೇ ಆಧಾರವಾಗಿಟ್ಟುಕೊಂಡು ಅವರ ಶಾಲೆಗಳನ್ನು ಉಳಿಸಿತು. ನೆರೆಯವರಿಗಾಗಿ ನೆಟ್ಟ ಮರದ ನೆರಳು ನಮ್ಮವರಿಗೂ ದೊರೆಯಿತು.

ಬಂದ ನಾಡಿನ ಭಾಷೆ ಕಲಿಯುವುದು ವಲಸಿಗರ ಕರ್ತವ್ಯ. ಕಲಿಯಲು ದಾರಿ ಮಾಡಿಕೊಡುವುದು ನಾಡಿನವರ ಕರ್ತವ್ಯ. ಹೊಸದನ್ನು ಕೊಡುವ ನೆಪದಲ್ಲಿ ಇದ್ದುದನ್ನು ಕಿತ್ತುಕೊಳ್ಳುವುದು ನ್ಯಾಯವಲ್ಲ. ದುಡಿಮೆ ಅರಸಿ ನಮ್ಮ ಧರ್ಮಕೇಂದ್ರಕ್ಕೆ ಬಂದ ಕುಟುಂಬದ ಮಗುವಿಗೆ ಕನ್ನಡದ ಜಪಗಳನ್ನು ಅಕ್ಕರೆಯಿಂದ ಕಲಿಸೋಣ. ಅದೇ ಮಗು ಮನೆಯಲ್ಲಿ ತಾಯಿಯೊಂದಿಗೆ ತನ್ನ ಭಾಷೆಯಲ್ಲಿ ಪ್ರಾರ್ಥಿಸಿದರೆ ಹಂಗಿಸದಿರೋಣ.