ಸೇಡಂ ಸೀಮೆಯ ಲೇಖ್ಯಗಳು ಮತ್ತು ಅವುಗಳ ಬಹಿರಂಗತೆ

ರಾಜಾಜ್ಞೆಯೂ ನ್ಯಾಯಸಭೆಯ ತೀರ್ಪೂ ಯಾರನ್ನು ಬಂಧಿಸುವುವೋ ಅವರ ಕಣ್ಣಿಗೆ ಬೀಳುವಂತಿರಬೇಕೆಂಬುದು ಈ ದೇಶಕ್ಕೆ ಹೊಸ ವಿಚಾರವಲ್ಲ. ಸರ್ಕಾರದ ದಾಖಲೆಗಳೂ ನ್ಯಾಯಾಲಯಗಳ ನಿರ್ಣಯಗಳೂ ಅಂತರಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ದೊರೆಯುವ ಇಂದಿನ ಏರ್ಪಾಡನ್ನು ಕೇವಲ ಪಾಶ್ಚಾತ್ಯರ ಕಲ್ಪನೆಯೆಂದು ಭಾವಿಸುವವರುಂಟು. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಎಂಬ ಐದು ಊರುಗಳ ಸುತ್ತಣ ಸೀಮೆಯನ್ನು ಪರಿಶೀಲಿಸಿದರೆ ಆ ಭಾವನೆಯು ನಿಲ್ಲಲಾರದು. ಬಯಲಿನಲ್ಲಿ ನಿಂತಿದ್ದ ಲೇಖ್ಯವು ಕಡತವನ್ನು ಸೇರಿ ಜನರಿಂದ ದೂರವಾದುದೂ, ಈಗ ಮತ್ತೆ ಅರೆಬರೆಯಾಗಿ ಹೊರಬೀಳುತ್ತಿರುವುದೂ ಇಲ್ಲಿ ಒಂದೇ ನೆಲದ ಮೇಲೆ ಕಾಣಬರುವುದು.

ಕಾಗಿಣಾ ನದಿಯ ದಡದ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟವೆಂಬುದು ಸರ್ವವಿದಿತ. ಆ ಅರಸರ ಭೂದಾನಗಳು ತಾಮ್ರಪಟಗಳಲ್ಲಿ ಬರೆಯಲ್ಪಟ್ಟವು. ತಾಮ್ರಪಟವು ದಾನ ಪಡೆದವನ ಮನೆಯಲ್ಲಿರತಕ್ಕ ವಸ್ತು. ಅವನ ಸ್ವತ್ತಿಗೆ ಅದು ಆಧಾರ. ಆದರೂ ಅದರೊಳಗೆ ರಾಷ್ಟ್ರಪತಿ, ವಿಷಯಪತಿ, ಗ್ರಾಮಕೂಟ ಮೊದಲಾದವರಿಗೆ ಈ ಸಂಗತಿಯು ತಿಳಿದಿರಲೆಂದು ಸಾರುವ ವಾಕ್ಯವನ್ನು ಸೇರಿಸುವ ಪದ್ಧತಿಯಿತ್ತು. ಶಿಲಾಶಾಸನವಾದರೋ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಯಿತು. ಅದು ಯಾರ ಮನೆಯಲ್ಲಿಯೂ ಇರುವುದಿಲ್ಲ. ಕ್ರಿ. ಶ. ೧೧೨೪ರಲ್ಲಿ ಸೇಡಿಂಬದ, ಎಂದರೆ ಇಂದಿನ ಸೇಡಮ್ಮಿನ, ಮುನ್ನೂರ್ವರು ಮಹಾಜನರು ಶಾಂತಿನಾಥನ ಬಸದಿಯನ್ನು ಕಟ್ಟಿಸಿ ಸುವರ್ಣಕಲಶವನ್ನಿರಿಸಿದ ಸಂಗತಿಯು ಅಲ್ಲಿಯ ಶಾಸನದಿಂದ ತಿಳಿದುಬರುವುದು. ಬ್ರಾಹ್ಮಣ ಮಹಾಜನರು ಜಿನಾಲಯವನ್ನು ಕಟ್ಟಿಸಿದರೆಂಬುದು ಕಲ್ಲಿನಲ್ಲಿ ಇರದೆ ಯಾರದೋ ಪೆಟ್ಟಿಗೆಯಲ್ಲಿ ಇದ್ದಿದ್ದರೆ, ಮುಂದಿನ ಕಾಲದ ಮತದ್ವೇಷಿಗಳು ಅದನ್ನು ಸುಳ್ಳೆನ್ನುವುದು ಎಷ್ಟರ ಕೆಲಸ! (ಶಹಾಬಾದಿನ ಹಾಸುಗಲ್ಲು ದೇಶದ ಎಷ್ಟೋ ಮನೆಗಳ ನೆಲವಾಗಿರುವ ಈ ಕಾಲದಲ್ಲಿ, ಈ ಸೀಮೆಯವರಿಗೆ ಬರೆಯಲು ಕಲ್ಲಿನ ಅಭಾವವೆಂದೂ ಇರಲಿಲ್ಲವೆಂಬುದನ್ನು ನೆನೆಯಬಹುದು.)

ಬರೆದುದನ್ನು ಕಾಯುವವರಿಗೂ ಇಲ್ಲಿ ವೃತ್ತಿಯಿತ್ತು. ಚಿತ್ತಾಪುರದ ಬಳಿಯ ನಾಗಾವಿಯ ಘಟಿಕಾಸ್ಥಾನಕ್ಕೆ ಸಂಬಂಧಿಸಿದ ಕ್ರಿ. ಶ. ೧೦೫೮ರ ಶಾಸನವು ಚಾಲುಕ್ಯ ಒಂದನೆಯ ಸೋಮೇಶ್ವರನ ಕಾಲದ್ದು. ಅದರಲ್ಲಿ ವೇದಶಾಸ್ತ್ರಗಳ ಉಪಾಧ್ಯಾಯರ ಜೊತೆಗೆ ೬ ಮಂದಿ ಸರಸ್ವತೀ ಭಾಂಡಾರಿಗರೂ ಹೇಳಲ್ಪಟ್ಟಿರುವರು. ಗ್ರಂಥರಕ್ಷಣೆಯು ಉಪಾಧ್ಯಾಯನ ಬಿಡುವಿನ ಕೆಲಸವೆಂದು ಅಂದಿನವರು ತಿಳಿಯಲಿಲ್ಲ. ಅದನ್ನೇ ಒಂದು ಉದ್ಯೋಗವಾಗಿ ಎಣಿಸಿದರು. ಇಂದಿನ ಭಂಡಾರಗಳ ವಿಚಾರದಲ್ಲಿ ಈ ಅಂಶವು ಗಮನಾರ್ಹವಾದುದು.

ಇನ್ನು ಧರ್ಮಶಾಸ್ತ್ರದ ಮಾತು. ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಕಲ್ಯಾಣದ ಆರನೆಯ ವಿಕ್ರಮಾದಿತ್ಯನ (೧೦೭೬-೧೧೨೬) ಆಶ್ರಯದಲ್ಲಿದ್ದವನು. ಶಹಾಬಾದಿಗೆ ಸಮೀಪದ ಮರತೂರಿನವನೆಂದು ಈ ಸೀಮೆಯ ಐತಿಹ್ಯ. ಸ್ಮೃತಿಯು ಲಿಖಿತ, ಭುಕ್ತಿ, ಸಾಕ್ಷಿ ಎಂಬ ಮೂರನ್ನು ಮಾನುಷ ಪ್ರಮಾಣಗಳೆಂದು ಗಣಿಸುವುದು. ಅರಸನು ಭೂಮಿಯನ್ನು ಕೊಟ್ಟಾಗ ಮುಂದೆ ಬರುವ ಅರಸರ ತಿಳಿವಿಗಾಗಿ ಅದನ್ನು ಬರೆಯಿಸಬೇಕೆಂದೂ ವಿಧಿಸುವುದು. ಪ್ರಕೃತಕ್ಕೆ ಬಹು ಮುಖ್ಯವಾದುದು ವ್ಯವಹಾರಾಧ್ಯಾಯದ ಮತ್ತೊಂದು ವಿಧಿ. ಪತ್ರವು ದೇಶಾಂತರದಲ್ಲಿದ್ದರೆ, ಓದಲಾಗದಂತಿದ್ದರೆ, ಕಳೆದಿದ್ದರೆ, ಅಳಿಸಿದ್ದರೆ, ಸುಟ್ಟಿದ್ದರೆ ಬೇರೊಂದನ್ನು ಮಾಡಿಸಬೇಕೆಂಬುದು ಅದರ ತಾತ್ಪರ್ಯ. ಇದಕ್ಕೆ ವಿಜ್ಞಾನೇಶ್ವರನು ಮಾಡಿರುವ ವಿವರಣೆಯು ಅನುಭವಿಯಾದ ನ್ಯಾಯಾಧೀಶನದಂತಿದೆ. ಉಭಯರೂ ಒಪ್ಪಿದರೆ ಹೊಸ ಪತ್ರ. ಒಪ್ಪದಿದ್ದರೆ ದೂರದ ಪತ್ರವನ್ನು ತರಲು ದಾರಿಯ ಉದ್ದಕ್ಕೆ ತಕ್ಕಷ್ಟು ಕಾಲವನ್ನು ಕೊಡಬೇಕು. ತರಲಾಗದ ಕಡೆ ಇದ್ದರೆ ಅಥವಾ ನಷ್ಟವಾಗಿದ್ದರೆ ಸಾಕ್ಷಿಗಳಿಂದಲೇ ನಿರ್ಣಯವಾಗಬೇಕು. ಲೇಖ್ಯವು ದೂರವಾದಷ್ಟೂ ನ್ಯಾಯವು ಬಾಯಿಮಾತಿಗೆ ಇಳಿಯುವುದೆಂಬುದನ್ನು ಅವನು ಚೆನ್ನಾಗಿ ಬಲ್ಲವನಾಗಿದ್ದನು.

ಈ ದೇಶಾಂತರದ ಮಾತು ಅವನ ಸೀಮೆಗೇ ಅಕ್ಷರಶಃ ಸಲ್ಲುವಂತಾದುದು ವಿಧಿವಿಲಾಸ. ನಿಜಾಮರ ಆಳಿಕೆಯಲ್ಲಿ ಜಮೀನಿನ ಲೆಕ್ಕವು ಹಳ್ಳಿಯಲ್ಲಿ ಪಟವಾರಿಯ ದಫ್ತರಿನಲ್ಲಿದ್ದರೂ, ಜಹಗೀರು ಇನಾಮುಗಳ ಮೂಲವು ರಾಜಧಾನಿಯಲ್ಲಿತ್ತು. ಆಡಳಿತಭಾಷೆಯು ಮೊದಲು ಫಾರಸಿ, ೧೮೮೦ರ ದಶಕದಿಂದ ಉರ್ದು, ಕಾಲಗಣನೆಯು ಫಸಲಿ. ಉತ್ತುವವನು ಕನ್ನಡಿಗ, ಅವನ ಹೊಲದ ಹಕ್ಕು ಅವನಿಗೆ ಬಾರದ ಲಿಪಿಯಲ್ಲಿ! ೧೮೭೪ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂಗಳ ಮೇಲೆ ಸಿಕಂದರಾಬಾದಿಗೆ ರೈಲುದಾರಿಯಾದ ಮೇಲೆ ರಾಜಧಾನಿಯ ಪ್ರಯಾಣವು ಸುಲಭವಾಯಿತು, ಓದು ಸುಲಭವಾಗಲಿಲ್ಲ. ಸಂಸ್ಥಾನವು ೧೯೪೮ರಲ್ಲಿ ಭಾರತಕ್ಕೆ ಸೇರಿ, ೧೯೪೯ರಲ್ಲಿ ಜಹಗೀರುಗಳು ರದ್ದಾದುವು. ೧೯೫೬ರ ನವೆಂಬರ್ ೧ರಂದು ಕಲಬುರಗಿಯು ಮೈಸೂರು ರಾಜ್ಯಕ್ಕೆ ಸೇರಿತು. ಜನರೂ ನೆಲವೂ ಈ ಕಡೆಗೆ ಬಂದರು. ರಾಜಧಾನಿಯ ದಫ್ತರಗಳು ಹೈದರಾಬಾದಿನಲ್ಲಿಯೇ ಉಳಿದುವು. ಅಲ್ಲಿಯ ಪತ್ರಾಗಾರದಲ್ಲಿ ಶಹಜಹಾನ್ ಔರಂಗಜೇಬರ ಕಾಲದ ಪತ್ರಗಳೇ ಒಂದೂವರೆ ಲಕ್ಷದಷ್ಟಿವೆ. ಅದು ೨೦೧೪ರಿಂದ ತೆಲಂಗಾಣ ರಾಜ್ಯದ್ದು.

ಕರ್ನಾಟಕದಲ್ಲಿ ಜಮೀನಿನ ಲೆಕ್ಕವು ಗಣಕಕ್ಕೇರಿದುದು 'ಭೂಮಿ' ಯೋಜನೆಯಿಂದ. ೨೦೦೨ರ ವೇಳೆಗೆ ಸುಮಾರು ೬೭ ಲಕ್ಷ ರೈತರ ೨ ಕೋಟಿ ಪಹಣಿಗಳು ಅದರಲ್ಲಿ ಸೇರಿದುವು. ಕೈಬರಹದ ಪಹಣಿಯು ನಿಂತಿತು. ೧೫ ರೂಪಾಯಿ ಕೊಟ್ಟವನಿಗೆ ತಾಲ್ಲೂಕು ಕಚೇರಿಯಲ್ಲಿ ಪ್ರತಿಯು ದೊರೆಯಿತು. ನ್ಯಾಯಾಲಯಗಳ ವಿಷಯದಲ್ಲಿ ಮೊದಲ ದೊಡ್ಡ ಕೆಲಸವು ಸರ್ಕಾರದಿಂದಲ್ಲ, ಒಬ್ಬ ವ್ಯಕ್ತಿಯಿಂದ ಆಯಿತು. ಸುಶಾಂತ್ ಸಿನ್ಹಾ ಎಂಬ ಗಣಕತಜ್ಞರು ೨೦೦೮ರಲ್ಲಿ 'ಇಂಡಿಯನ್ ಕಾನೂನ್' ಎಂಬ ಭಂಡಾರವನ್ನು ತೆರೆದು, ಉಚ್ಚ ಹಾಗೂ ಸರ್ವೋಚ್ಚ ನ್ಯಾಯಾಲಯಗಳ ತೀರ್ಪುಗಳನ್ನೂ ಶಾಸನಗಳ ಕಲಮುಗಳನ್ನೂ ಒಂದಕ್ಕೊಂದು ಹೊಂದಿಸಿ, ಹುಡುಕಿದವರಿಗೆ ಬಿಟ್ಟಿಯಾಗಿ ದೊರಕಿಸಿದರು. ಇದಕ್ಕೆ ಕಾನೂನಿನ ಆಧಾರವೂ ಇತ್ತು. ೧೯೫೭ರ ಕೃತಿಸ್ವಾಮ್ಯದ ಕಾಯಿದೆಯು ತೀರ್ಪನ್ನು ಪುನಃ ಪ್ರಕಟಿಸುವುದನ್ನು ತಪ್ಪೆಂದೆಣಿಸುವುದಿಲ್ಲ. ತೀರ್ಪಿನ ಮೂಲಪಾಠವು ಎಲ್ಲರ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯವು ೨೦೦೭ರಲ್ಲಿ ಹೇಳಿತ್ತು. ಆ ನ್ಯಾಯಾಲಯವೇ ತನ್ನ ವರದಿಗಳನ್ನು ಉಚಿತವಾಗಿ ತೆರೆದುದು ೨೦೨೩ರಲ್ಲಿ. ಅಷ್ಟರಲ್ಲಿ ಕಲಬುರಗಿಗೂ ಉಚ್ಚ ನ್ಯಾಯಾಲಯದ ಪೀಠವು ೨೦೦೮ರಲ್ಲಿ ಸಂಚಾರಿಯಾಗಿ ಬಂದು, ೨೦೧೩ರಲ್ಲಿ ಖಾಯಮ್ಮಾಗಿತ್ತು. ಸೇಡಮ್ಮಿನ ಕಕ್ಷಿದಾರನು ಮೇಲ್ಮನವಿಗಾಗಿ ಬೆಂಗಳೂರಿಗೆ ಹೋಗುವ ಕಷ್ಟವು ತಪ್ಪಿತು. ಅವನ ಪ್ರಕರಣದ ತೀರ್ಪು ಅವನ ಕೈಯ ಯಂತ್ರದಲ್ಲಿಯೇ ಕಾಣುವಂತಾಯಿತು. ಆದರೆ ಅದು ಬಹುಪಾಲು ಇಂಗ್ಲಿಷಿನಲ್ಲಿ. ಉರ್ದು ಹೋಯಿತು, ಇಂಗ್ಲಿಷು ಬಂದಿತು. ಓದಿಸಿಕೊಳ್ಳಲು ಇನ್ನೊಬ್ಬರ ಮನೆಗೆ ಹೋಗುವುದು ಮಾತ್ರ ಹಾಗೆಯೇ ಉಳಿಯಿತು.

ಲೆಕ್ಕದಲ್ಲಿ ಇಲ್ಲದವನ ಗತಿಯೇನೆಂಬುದಕ್ಕೆ ಈ ಸೀಮೆಯ ಲಂಬಾಣಿ ತಾಂಡಾಗಳು ನಿದರ್ಶನ. ಕಂದಾಯದ ಪುಸ್ತಕದಲ್ಲಿ ಗ್ರಾಮವೆಂದು ಬರೆದಿರದ ಕಾರಣ, ತಲೆಮಾರುಗಳಿಂದ ವಾಸಿಸುವ ಮನೆಗೂ ಅವರಲ್ಲಿ ಪತ್ರವಿರಲಿಲ್ಲ. ಕಲಬುರಗಿಯೂ ಸೇರಿ ಐದು ಜಿಲ್ಲೆಗಳ ಇಂತಹ ಸುಮಾರು ೧೪೭೫ ವಸತಿಗಳು ಕಂದಾಯ ಗ್ರಾಮಗಳೆಂದು ಘೋಷಿತವಾಗಿ, ೨೦೨೩ರ ಜನವರಿ ೧೯ರಂದು ಸುಮಾರು ೫೦,೦೦೦ ಕುಟುಂಬಗಳಿಗೆ ಹಕ್ಕುಪತ್ರಗಳನ್ನು ಹಂಚುವ ಸಮಾರಂಭವು ಮಳಖೇಡದಲ್ಲಿಯೇ ನಡೆಯಿತು. ರಾಷ್ಟ್ರಕೂಟರ ದಾನಪಟಗಳು ಹೊರಟ ಊರಿನಿಂದಲೇ ಇವು ಹೊರಟವು. ಅಂತರಜಾಲದ ಭಂಡಾರವೆಷ್ಟು ವಿಶಾಲವಾದರೂ ಬರೆಯದುದನ್ನು ಅದು ತೋರಿಸಲಾರದು.

ಬಹಿರಂಗತೆಗೂ ಮೇರೆಯುಂಟು. ಕಲ್ಲನ್ನು ಓದಬೇಕಾದವನು ಅದರ ಬಳಿಗೆ ಹೋಗಬೇಕಾಗಿತ್ತು. ಅಂತರಜಾಲವಾದರೋ ಹೆಸರನ್ನು ಕೇಳಿದವನ ಬಳಿಗೆ ತಾನೇ ಬರುವುದು. ೨೦೧೭ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಒಬ್ಬ ಸ್ತ್ರೀಯ ಹೆಸರು ಅಂತರಜಾಲದ ಶೋಧನೆಯಲ್ಲಿ ಕಾಣದಂತೆ ನೋಡಿಕೊಳ್ಳಲು ತನ್ನ ಕಚೇರಿಗೆ ಆದೇಶಿಸಿ, ದೃಢೀಕೃತ ಪ್ರತಿಯಲ್ಲಿ ಮಾತ್ರ ಅದನ್ನು ಉಳಿಸಿತು. ಇದು ವಿವೇಕದ ಮಾರ್ಗ. ಲೇಖ್ಯವು ಅಳಿಯಲಿಲ್ಲ, ಕುತೂಹಲಿಗಳಿಂದ ಒಬ್ಬಳಿಗೆ ರಕ್ಷಣೆಯೂ ದೊರೆಯಿತು.

ಉಳಿದ ಕಾರ್ಯವು ಹಳೆಯ ಪತ್ರಗಳದ್ದು. ತಾಲ್ಲೂಕು ಕಚೇರಿಗಳ ದಾಖಲೆಗಳ ಛಾಯಾಪ್ರತಿಯನ್ನು ಗಣಕಕ್ಕೇರಿಸುವ 'ಭೂ ಸುರಕ್ಷಾ' ಯೋಜನೆಯು ೨೦೨೪ರಲ್ಲಿ ಆರಂಭವಾಯಿತು. ನಿಜಾಮರ ಕಾಲದ ಸೇತ್ವಾರವೂ ೧೯೫೪-೫೫ರ ಖಾಸ್ರಾ ಪಹಣಿಯೂ ಭೂವ್ಯಾಜ್ಯಗಳಲ್ಲಿ ಮೂಲಾಧಾರಗಳಾಗಿ ಬರುವುದರಿಂದ ಅವುಗಳಿಗೆ ಮೊದಲ ಸ್ಥಾನವು ಸಲ್ಲತಕ್ಕದ್ದು. ಬರಿಯ ಛಾಯಾಪ್ರತಿಯು ಸಾಲದು. ಪ್ರತಿಯೊಂದಕ್ಕೂ ಊರಿನ ಹೆಸರು, ಸರ್ವೆ ನಂಬರು, ವಿಷಯಸಾರಾಂಶಗಳು ಕನ್ನಡದಲ್ಲಿ ಇರಬೇಕು. ಫಸಲಿ ವರ್ಷಕ್ಕೆ ೫೯೦ನ್ನು ಕೂಡಿಸಿದರೆ ಸ್ಥೂಲವಾಗಿ ಕ್ರಿಸ್ತಶಕವು ಬರುವುದಾದರೂ, ಆಜರ್, ದೈ, ಬಹಮನ್ ಎಂಬ ಮಾಸಗಳನ್ನು ತಿಳಿದು ತಿಥಿಯನ್ನು ಗೊತ್ತುಮಾಡುವವರೂ, ಉರ್ದುವಿನ ಶಿಕಸ್ತ ಬರಹವನ್ನು ಓದಬಲ್ಲವರೂ ವಿರಳರಾಗುತ್ತಿರುವರು. ನಾಗಾವಿಯ ಭಾಂಡಾರಿಗರಂತೆ ಅಂತಹ ಆರು ಮಂದಿಯನ್ನು ವೃತ್ತಿಯಿತ್ತು ಕಲಬುರಗಿಯಲ್ಲಿ ನಿಲ್ಲಿಸಿ, ಹೈದರಾಬಾದಿನ ಪತ್ರಾಗಾರದಿಂದ ಈ ಐದು ಊರುಗಳಿಗೆ ಸಂಬಂಧಿಸಿದ ಪತ್ರಗಳ ಪ್ರತಿಗಳನ್ನು ತರಿಸಿ ಅವರ ಮುಂದಿಡುವುದು ಉಭಯ ರಾಜ್ಯಗಳಿಗೂ ಶಕ್ಯವಾದುದೇ. ಪತ್ರವು ದೇಶಾಂತರದಲ್ಲಿದ್ದು ಉಭಯರೂ ಒಪ್ಪಿದರೆ ಬೇರೊಂದನ್ನು ಮಾಡಿಸಲು ಮಿತಾಕ್ಷರೆಯ ಅನುಮತಿಯುಂಟು.